ಕಾಫಿಯ ಮಲೆಯಲ್ಲಿ ಎಡಮುರಿ ಬೆಳಕು



ಚಿಕ್ಕಮಗಳೂರಿನಿಂದ ಮೂಡಿಗೆರೆಗೂ, ಅಲ್ಲಿಂದ ಘಟ್ಟದ ಸೆರಗು ಹಿಡಿದು ಕಳಸಕ್ಕೂ ಹೋಗುವ ದಾರಿಯಲ್ಲಿ ಹಸಿರಲ್ಲದೆ ಬೇರೆ ಬಣ್ಣವೇ ಕಣ್ಣಿಗೆ ಬೀಳುವುದಿಲ್ಲವೆಂದು ಪೇಟೆಯಿಂದ ಹೋದವರು ಹೇಳುವುದುಂಟು. ಕಾಫಿ ಗಿಡದ ಕಡುಹಸಿರು, ಅದಕ್ಕೆ ನೆರಳಾಗಿ ನಿಂತ ಹಾಲುವಾಣದ ಎಳೆಹಸಿರು, ಅತ್ತಿ ಹಲಸುಗಳ ಹಸಿರು, ಗುಡ್ಡದ ನೆತ್ತಿಯ ಹುಲ್ಲಿನ ಹಸಿರು, ಇವೆಲ್ಲಕ್ಕೂ ಕಾರಣವಾದ ವಸ್ತು ಒಂದೇ. ಎಲೆಯನ್ನು ಅರೆದರೆ ಆ ಹಸಿರು ಕೈಗೆ ಹತ್ತುತ್ತದೆ; ಬಟ್ಟೆಗೆ ತಗುಲಿದರೆ ಕಲೆಯಾಗುತ್ತದೆ. ಆದರೆ ಅದೇ ತೋಟದಲ್ಲಿ, ಮುಂಗಾರಿಗೆ ಮುಂಚಿನ ಮಳೆಗಳು ಬಿದ್ದಮೇಲೆ, ಹೂವಿನ ಮೇಲೂ ಕೊಳೆತ ದಿಮ್ಮಿಯ ಮೇಲೂ ಬಂದು ಕೂರುವ ಒಂದು ಜಾತಿಯ ದುಂಬಿಯ ಬೆನ್ನಿನ ಹಸಿರು ಈ ಬಗೆಯದಲ್ಲ. ಅದು ಲೋಹದಂತೆ ಹೊಳೆಯುತ್ತದೆ. ಸತ್ತುಬಿದ್ದ ದುಂಬಿಯ ರೆಕ್ಕೆಯ ಚಿಪ್ಪನ್ನು ಅರೆದು ನೋಡಿದರೆ ನಮಗೆ ದೊರೆಯುವುದು ಮಂಕಾದ ಕಂದು ಪುಡಿ ಮಾತ್ರ. ಹಸಿರು ಎಲ್ಲಿಗೆ ಹೋಯಿತು?

ಹಸಿರು ಅಲ್ಲಿ ವಸ್ತುವಾಗಿ ಇದ್ದೇ ಇರಲಿಲ್ಲ ಎಂಬುದೇ ಇದಕ್ಕೆ ಉತ್ತರ. ಅದು ವಸ್ತುವಿನ ಗುಣವಾಗಿರದೆ ಜೋಡಣೆಯ ಗುಣವಾಗಿತ್ತು. ಅರೆದಾಗ ಜೋಡಣೆ ಕೆಟ್ಟಿತು, ಬಣ್ಣವೂ ಹೋಯಿತು. ಹೀಗೆ ಬರಿಯ ಜೋಡಣೆಯಿಂದ ಬಣ್ಣ ಹುಟ್ಟುವುದು ಹೊಸ ಸಂಗತಿಯೇನೂ ಅಲ್ಲ. ಸಾಬೂನಿನ ನೀರ್ಗುಳ್ಳೆ, ಮುತ್ತಿನ ಚಿಪ್ಪಿನ ಒಳಮೈ, ನವಿಲುಗರಿಯ ಕಣ್ಣು, ಇವೆಲ್ಲ ಆ ಬಗೆಯವು. ಸರ್ ಸಿ. ವಿ. ರಾಮನ್ನರು ೧೯೩೩ರಲ್ಲಿ ಬೆಂಗಳೂರಿಗೆ ಬಂದು ನೆಲಸಿದ ಹೊಸತರಲ್ಲಿಯೇ ಹಕ್ಕಿಗಳ ಗರಿಯನ್ನೂ ಮುತ್ತಿನ ಚಿಪ್ಪನ್ನೂ ಎದುರಿಗಿಟ್ಟುಕೊಂಡು ಈ ಬಣ್ಣಗಳ ಮೂಲವನ್ನು ಶೋಧಿಸಿದರು. ಆದರೆ ನಮ್ಮ ದುಂಬಿಯ ಜೋಡಣೆ ಇವುಗಳಿಗಿಂತ ಒಂದು ಮಟ್ಟ ಮೇಲಿನದು. ಅದರಲ್ಲಿ ಪದರಗಳಿರುವುದಲ್ಲದೆ ಆ ಪದರಗಳಿಗೆ ಒಂದು ತಿರುಪೂ ಉಂಟು. ಈ ತಿರುಪು ಬೆಳಕಿಗೆ ಏನು ಮಾಡುತ್ತದೆ, ಅದನ್ನು ಮನುಷ್ಯನು ಹೇಗೆ ತನ್ನ ಕೈವಶ ಮಾಡಿಕೊಂಡನು, ಆ ಕೆಲಸದಲ್ಲಿ ನಮ್ಮ ನಾಡಿನ ಪಾಲೇನು ಎಂಬುದನ್ನು ಗಣಿತದ ಗೊಡವೆಗೆ ಹೋಗದೆ ನಿವೇದಿಸಬೇಕೆಂದಿದ್ದೇವೆ.

ದೇವರ ಮನೆಯಲ್ಲಿ ಶಂಖವಿರುವವರಿಗೆ ಎಡಮುರಿ ಬಲಮುರಿಗಳ ಭೇದವನ್ನು ಹೇಳಿಕೊಡಬೇಕಾದುದಿಲ್ಲ. ಎರಡೂ ಶಂಖಗಳ ವಸ್ತು ಒಂದೇ, ಆಕಾರವೂ ಒಂದೇ. ಆದರೂ ಒಂದನ್ನು ಎಷ್ಟು ಹೊರಳಿಸಿ ಇಟ್ಟರೂ ಅದು ಇನ್ನೊಂದಾಗದು. ಎಡಗೈಯ ಕವಚ ಬಲಗೈಗೆ ಹೊಂದದಿರುವಂತೆ. ಬಲಮುರಿಯನ್ನು ಎಡಮುರಿಯಾಗಿ ಕಾಣಬೇಕಾದರೆ ಒಂದೇ ಉಪಾಯ, ಅದನ್ನು ಕನ್ನಡಿಯ ಮುಂದೆ ಹಿಡಿಯುವುದು.

ಬೆಳಕಿಗೂ ಈ ಎರಡು ಮುರಿಗಳುಂಟು. ಒಂದು ಹಗ್ಗದ ತುದಿಯನ್ನು ಮರಕ್ಕೆ ಕಟ್ಟಿ ಇನ್ನೊಂದು ತುದಿಯನ್ನು ಕೈಯಲ್ಲಿ ಹಿಡಿದು ಮೇಲಕ್ಕೂ ಕೆಳಕ್ಕೂ ಆಡಿಸಿದರೆ ಹಗ್ಗದಲ್ಲಿ ಒಂದೇ ಸಮತಲದ ಅಲೆ ಓಡುತ್ತದೆ. ಹಾಗೆ ಮಾಡದೆ ಕೈಯನ್ನು ದುಂಡಗೆ ಸುತ್ತಿದರೆ ಹಗ್ಗದಲ್ಲಿ ಓಡುವುದು ಸುರುಳಿ. ಕೈ ಸುತ್ತಿದ ದಿಕ್ಕಿಗೆ ತಕ್ಕಂತೆ ಆ ಸುರುಳಿ ಎಡಮುರಿಯಾಗಬಹುದು, ಬಲಮುರಿಯಾಗಬಹುದು. ಬೆಳಕಿನ ಅಲೆಯಲ್ಲಿ ಅಲುಗುವುದು ಹಗ್ಗವಲ್ಲ, ವಿದ್ಯುತ್ ಬಲ. ಆದರೆ ಅಲುಗುವ ಕ್ರಮ ಇದೇ. ಸೂರ್ಯನ ಬೆಳಕಿನಲ್ಲಿ ಎರಡು ಮುರಿಗಳೂ ಸರಿಪಾಲಾಗಿ ಬೆರೆತಿರುವುದರಿಂದ ನಮಗೆ ಭೇದ ತಿಳಿಯುವುದಿಲ್ಲ. ನಮ್ಮ ಕಣ್ಣಿಗಂತೂ ಈ ವಿಷಯದಲ್ಲಿ ವಿವೇಚನೆಯೇ ಇಲ್ಲ. ಈ ಮಾತನ್ನು ನಿಮ್ಮ ಮನೆಗೆ ಹೊತ್ತು ತರುವ ಆಕಾಶವಾಣಿಯ ಅಲೆಯೂ ಬೆಳಕಿನ ಬಂಧುವೇ. ಅದರ ಒಂದು ಅಲೆಯ ಉದ್ದ ನೂರಾರು ಮೀಟರುಗಳಿದ್ದರೆ, ಬೆಳಕಿನದು ಒಂದು ಮಿಲಿಮೀಟರನ್ನು ಸುಮಾರು ಎರಡು ಸಾವಿರ ಪಾಲು ಮಾಡಿದರೆ ಅದರಲ್ಲೊಂದು ಪಾಲು. ಅಂತರ ಅಷ್ಟೇ.

ಈ ಬಂಧುತ್ವವನ್ನು ಬಳಸಿಕೊಂಡು ತಿರುಪಿನ ಮರ್ಮವನ್ನು ಮೊದಲು ಕೈಯಲ್ಲಿ ಹಿಡಿದು ತೋರಿಸಿದವರು ಜಗದೀಶಚಂದ್ರ ಬೋಸರು. ೧೮೯೮ರಲ್ಲಿ ಅವರು ಕಲ್ಕತ್ತೆಯಲ್ಲಿ ಸೆಣಬಿನ ನಾರಿನ ಕಟ್ಟುಗಳನ್ನು ಕೆಲವನ್ನು ಬಲಕ್ಕೆ, ಕೆಲವನ್ನು ಎಡಕ್ಕೆ ಹೊಸೆದು, ಅವುಗಳ ಮೂಲಕ ಕಿರಿದಾದ ವಿದ್ಯುತ್ ಅಲೆಗಳನ್ನು ಹಾಯಿಸಿದರು. ಒಂದು ಬಗೆಯ ಹೊಸೆತ ಅಲೆಯ ಸಮತಲವನ್ನು ಒಂದು ಕಡೆಗೆ ತಿರುಗಿಸಿದರೆ ಇನ್ನೊಂದು ಬಗೆಯ ಹೊಸೆತ ಅದಕ್ಕೆ ವಿರುದ್ಧವಾಗಿ ತಿರುಗಿಸಿತು. ಸಕ್ಕರೆಯ ಪಾಕ ಬೆಳಕಿಗೆ ಮಾಡುವುದನ್ನೇ ಸೆಣಬಿನ ಹುರಿ ವಿದ್ಯುತ್ ಅಲೆಗೆ ಮಾಡಿತು. ತಿರುಪುಳ್ಳ ಮಾಧ್ಯಮವೊಂದನ್ನು ಮನುಷ್ಯನು ತನ್ನ ಕೈಯಾರೆ ಮಾಡಿ ವಿದ್ಯುತ್ ಅಲೆಯನ್ನು ಪಳಗಿಸಿದ್ದು ಹೀಗೆ. ಸಾಮಗ್ರಿ ಮಾತ್ರ ಬಂಗಾಳದ ಯಾವ ಸಂತೆಯಲ್ಲಾದರೂ ಸಿಕ್ಕುವಂಥದು!

ಇನ್ನು ಬೆಳಕಿನ ಮುರಿಯನ್ನು ಮನೆಯಲ್ಲಿಯೇ ಕಾಣುವ ಬಗೆ. ಮೂರು ಆಯಾಮದ ಚಲನಚಿತ್ರಗಳನ್ನು ನೋಡಲು ಚಿತ್ರಮಂದಿರಗಳಲ್ಲಿ ಕೊಡುವ ಕನ್ನಡಕಗಳಲ್ಲಿ ಹಲವಕ್ಕೆ ಒಂದು ವಿಶೇಷವುಂಟು. ಒಂದು ಕಣ್ಣಿನ ಗಾಜು ಎಡಮುರಿ ಬೆಳಕನ್ನು ಮಾತ್ರ ಒಳಕ್ಕೆ ಬಿಡುತ್ತದೆ, ಇನ್ನೊಂದು ಬಲಮುರಿಯನ್ನು ಮಾತ್ರ. ಅಂಥ ಕನ್ನಡಕವನ್ನು ಧರಿಸಿ, ಒಂದು ಕಣ್ಣನ್ನು ಮುಚ್ಚಿಕೊಂಡು, ಕನ್ನಡಿಯ ಮುಂದೆ ನಿಲ್ಲಬೇಕು. ಆಗ ತೆರೆದ ಕಣ್ಣಿನ ಮುಂದಿರುವ ಗಾಜೇ ಕನ್ನಡಿಯಲ್ಲಿ ಕಪ್ಪಾಗಿ ಕಾಣುತ್ತದೆ. ಮುಚ್ಚಿದ ಕಣ್ಣು ಮಾತ್ರ ಸ್ಪಷ್ಟವಾಗಿ ತೋರುತ್ತದೆ! ಕಾರಣವಿಷ್ಟೆ: ಗಾಜಿನಿಂದ ಬಲಮುರಿಯಾಗಿ ಹೊರಟ ಬೆಳಕು ಕನ್ನಡಿಗೆ ತಾಗಿ ಎಡಮುರಿಯಾಗಿ ಹಿಂದಿರುಗುತ್ತದೆ, ಶಂಖದ ಬಿಂಬದ ಹಾಗೆಯೇ; ತಾನು ಹೊರಟ ಬಾಗಿಲಿನಲ್ಲಿಯೇ ಅದಕ್ಕೆ ಮತ್ತೆ ಪ್ರವೇಶ ದೊರೆಯುವುದಿಲ್ಲ. ಹಾಗೆ ಕಪ್ಪಾಗಿ ಕಾಣದಿದ್ದರೆ ಕನ್ನಡಕ ಬೇರೆ ಬಗೆಯದೆಂದು ತಿಳಿದು ಬದಿಗಿಡಬೇಕು. ಸಾಮಾನ್ಯ ಕನ್ನಡಿ ಮುರಿಯನ್ನು ತಿರುವುಮುರುವು ಮಾಡುತ್ತದೆ ಎಂಬ ಈ ಒಂದು ಅಂಶವನ್ನು ಶ್ರೋತೃಗಳು ಮರೆಯದಿರಬೇಕೆಂದು ಪ್ರಾರ್ಥಿಸುತ್ತೇವೆ. ಮುಂದಿನ ಮಾತೆಲ್ಲ ಅದರ ಮೇಲೆ ನಿಂತಿದೆ.

ಈಗ ಆ ಕನ್ನಡಕದೊಡನೆ ನಮ್ಮ ದುಂಬಿಯ ಬಳಿಗೆ ಬರೋಣ. ಸ್ಕ್ಯಾರಬ್ ಎಂಬ ದೊಡ್ಡ ವಂಶಕ್ಕೆ ಸೇರಿದ ಹೊಳಪಿನ ಹೂದುಂಬಿಗಳು ಲೋಕದಲ್ಲಿ ಸಾವಿರಾರು ಬಗೆ. ದಕ್ಷಿಣ ಹಿಂದೂಸ್ಥಾನದಲ್ಲಿ ಕಾಣುವ ಹೆಟೆರೋರೈನಾ ಎಂಬ ಹಸಿರು ದುಂಬಿ ಅವುಗಳಲ್ಲೊಂದು. ಈ ವಂಶದ ಹಸಿರು ದುಂಬಿಗಳಲ್ಲಿ ಬಹುಪಾಲನ್ನು ಒಂದು ಗಾಜಿನಿಂದ ನೋಡಿದರೆ ಹಸಿರು ಎಂದಿನಂತೆ ಬೆಳಗುತ್ತದೆ; ಇನ್ನೊಂದರಿಂದ ನೋಡಿದರೆ ದುಂಬಿ ಇದ್ದಿಲಿನ ತುಂಡಿನಂತೆ ಕಪ್ಪಾಗುತ್ತದೆ. ಅಂದರೆ ಅದರ ಬೆನ್ನಿನಿಂದ ಬರುವ ಬೆಳಕು ಹೆಚ್ಚುಕಡಮೆ ಎಲ್ಲವೂ ಒಂದೇ ಮುರಿಯದು, ಎಡಮುರಿ. ಆದರೆ ನಮ್ಮ ಮಕ್ಕಳು ಬೆಂಕಿಪೊಟ್ಟಣದಲ್ಲಿ ಸಾಕುವ, ಹಿಂದೆ ಅರಮನೆಗಳ ಉಡುಪುಗಳಲ್ಲಿ ಕಸೂತಿಯ ಹರಳಿನಂತೆ ರೆಕ್ಕೆಯನ್ನು ಹೊಲಿಯುತ್ತಿದ್ದ, ಹೆಸರುವಾಸಿಯಾದ ಜೀರ್ಜಿಂಬೆ ಈ ಪರೀಕ್ಷೆಯಲ್ಲಿ ತೇರ್ಗಡೆಯಾಗುವುದಿಲ್ಲ. ಅದರ ಹಸಿರು ಎರಡು ಗಾಜುಗಳಿಗೂ ಒಂದೇ ಸಮನಾಗಿ ಕಾಣುತ್ತದೆ. ಅದರ ಚಿಪ್ಪಿನಲ್ಲಿ ಪದರಗಳಿವೆಯೇ ಹೊರತು ತಿರುಪಿಲ್ಲ. ಬರಿಗಣ್ಣಿಗೆ ಅಕ್ಕತಂಗಿಯರಂತೆ ತೋರುವ ಎರಡು ಹಸಿರುಗಳ ಹುಟ್ಟು ಇಷ್ಟು ಬೇರೆ.

ಇದನ್ನು ಮೊದಲು ಕಂಡವರು ಬೆಳಕಿನ ವೇಗವನ್ನು ಅಳೆದು ಕೀರ್ತಿವಂತರಾದ ಅಮೆರಿಕದ ಮೈಕೆಲ್ಸನ್ನರು. ೧೯೧೧ರಲ್ಲಿ ಅವರು ಮಧ್ಯ ಅಮೆರಿಕದ ಒಂದು ಹೊನ್ನಿನ ಬಣ್ಣದ ದುಂಬಿಯನ್ನು ಪರೀಕ್ಷಿಸಿ, ಇದರ ಬೆಳಕು ಸುರುಳಿಯಾಗಿದೆ, ಆದಕಾರಣ ಇದರ ಚಿಪ್ಪಿನಲ್ಲಿ ಅಣುಗಳ ಗಾತ್ರದ ತಿರುಪು ಇದ್ದೇ ಇರಬೇಕು ಎಂದು ಊಹಿಸಿದರು. ಆ ಊಹೆ ಸಾಕ್ಷ್ಯಕ್ಕಾಗಿ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಕಾಯಬೇಕಾಯಿತು. ೧೯೬೯ರಲ್ಲಿ ನೆವಿಲ್ ಮತ್ತು ಕೇವನಿ ಎಂಬ ಇಬ್ಬರು, ದುಂಬಿಯ ಚಿಪ್ಪಿನ ನಾರುಗಳ ಜೋಡಣೆಯೂ ಒಂದು ವಿಚಿತ್ರವಾದ ದ್ರವದ ಜೋಡಣೆಯೂ ಒಂದೇ ಎಂದು ತೋರಿಸಿಕೊಟ್ಟರು. ಆ ದ್ರವದ ಕಥೆ ದುಂಬಿಯ ಕಥೆಗಿಂತ ಹಳೆಯದು.

೧೮೮೮ರಲ್ಲಿ ಪ್ರಾಗ್ ನಗರದಲ್ಲಿ ರೈನಿಟ್ಜರ್ ಎಂಬ ಸಸ್ಯಶಾಸ್ತ್ರಜ್ಞನು ಕೊಲೆಸ್ಟೆರಾಲಿಗೆ ಸಂಬಂಧಪಟ್ಟ ಒಂದು ಬಿಳಿಯ ಪದಾರ್ಥವನ್ನು ಕಾಯಿಸುತ್ತಿದ್ದನು. ಅದು ೧೪೫ ಡಿಗ್ರಿಯ ಮೇಲೆ ಕರಗಿತು, ಆದರೆ ತಿಳಿಯಾಗಲಿಲ್ಲ, ಮಬ್ಬಾದ ದ್ರವವಾಯಿತು. ಇನ್ನೂ ಕಾಯಿಸಿದಾಗ ೧೭೮ ಡಿಗ್ರಿಯ ಮೇಲೆ ತಟ್ಟನೆ ತಿಳಿಯಾಯಿತು. ಒಂದು ಪದಾರ್ಥಕ್ಕೆ ಎರಡು ಕರಗುವ ಬಿಂದುಗಳಿರುವುದುಂಟೆ? ಅಷ್ಟೇ ಅಲ್ಲದೆ, ಆರುವಾಗ ಅದರಲ್ಲಿ ನೀಲಿ ನೇರಿಳೆ ಬಣ್ಣಗಳು ಮಿಂಚಿ ಮಾಯವಾದವು. ರೈನಿಟ್ಜರನು ಅದನ್ನು ಲೇಮನ್ನನೆಂಬ ಜರ್ಮನ್ ಭೌತಶಾಸ್ತ್ರಜ್ಞನಿಗೆ ಕಳುಹಿಸಿದನು. ಲೇಮನ್ನನು ಕಾವಿನ ಮೇಲಿಟ್ಟ ಸೂಕ್ಷ್ಮದರ್ಶಕದಲ್ಲಿ ಅದನ್ನು ಪರೀಕ್ಷಿಸಿ, ಇದು ನೀರಿನಂತೆ ಹರಿಯುತ್ತದೆ, ಹರಳಿನಂತೆ ಬೆಳಕನ್ನು ಸೀಳುತ್ತದೆ, ಇದು ದ್ರವಸ್ಫಟಿಕ ಎಂದನು. ಮಾತು ವಿರೋಧಾಭಾಸದಂತಿದ್ದರೂ ಹೆಸರು ನಿಂತಿತು.

ಈ ದ್ರವದ ಅಣುಗಳು ಉದ್ದನೆಯ ಕಡ್ಡಿಗಳಂತೆ ಇರುವುವು. ಒಂದು ಪದರದಲ್ಲಿ ಅವೆಲ್ಲ ಒಂದೇ ದಿಕ್ಕಿಗೆ ಮಲಗಿರುತ್ತವೆ. ಅಣುವಿನಲ್ಲಿಯೇ ಎಡಬಲದ ಭೇದವಿರುವುದರಿಂದ ಮೇಲಿನ ಪದರದ ಕಡ್ಡಿಗಳು ಕೆಳಗಿನವುಗಳಿಗಿಂತ ಎಳ್ಳಷ್ಟು ತಿರುಗಿ ಮಲಗುತ್ತವೆ. ಅದರ ಮೇಲಿನವು ಇನ್ನೂ ಎಳ್ಳಷ್ಟು. ಮದುವೆಯ ಮನೆಯಲ್ಲಿ ಬಾಳೆಯೆಲೆಗಳನ್ನು ಒಂದರ ಮೇಲೊಂದು ಒಟ್ಟುವಾಗ ಪ್ರತಿಯೊಂದು ಎಲೆಯನ್ನೂ ಸ್ವಲ್ಪ ಸ್ವಲ್ಪ ತಿರುಗಿಸಿ ಇಟ್ಟರೆ ಎಲೆಯ ತುದಿಗಳು ಹೇಗೆ ಸುರುಳಿಮೆಟ್ಟಿಲಾಗುತ್ತವೆಯೋ ಹಾಗೆ. ಒಂದು ಪೂರ್ಣ ಸುತ್ತಿಗೆ ಬೇಕಾದ ಎತ್ತರವನ್ನು ಸುರುಳಿಯ ಅಂತರ ಎನ್ನೋಣ. ಆ ಅಂತರವನ್ನು ದ್ರವದ ವಕ್ರೀಭವನಾಂಕದಿಂದ, ಎಂದರೆ ಸುಮಾರು ಒಂದೂವರೆಯಿಂದ, ಗುಣಿಸಿದರೆ ಬರುವ ಉದ್ದ ಯಾವ ಬಣ್ಣದ ಅಲೆಯದೋ ಆ ಬಣ್ಣವನ್ನು ಅದು ಹಿಂದಕ್ಕೆ ಕಳುಹಿಸುತ್ತದೆ. ಅಂತರ ೩೫೦ ನ್ಯಾನೋಮೀಟರ್ ಇದ್ದರೆ ೫೨೫ರ ಹಸಿರು. ಕಾವೇರಿದಂತೆ ಸುರುಳಿ ಬಿಗಿಯಾಗಬಹುದು, ಸಡಿಲವಾಗಬಹುದು; ಬಣ್ಣವೂ ಅದರೊಡನೆ ಬದಲಾಗುತ್ತದೆ. ಜ್ವರ ನೋಡಲು ಮಕ್ಕಳ ಹಣೆಗೆ ಒತ್ತುವ ಬಣ್ಣದ ಪಟ್ಟಿ ಈ ತತ್ತ್ವದ ಮೇಲೆ ಕೆಲಸ ಮಾಡುವುದು.

ಮುಖ್ಯವಾದ ಗುಣ ಇನ್ನೊಂದು. ಈ ಸುರುಳಿಯು ತನ್ನ ಮುರಿಗೆ ಹೊಂದುವ ಬೆಳಕನ್ನು ಮಾತ್ರ ಪ್ರತಿಫಲಿಸುತ್ತದೆ. ವಿರುದ್ಧ ಮುರಿಯ ಬೆಳಕಿಗೆ ಅದು ತಿಳಿಗಾಜಿನಂತೆ ದಾರಿ ಬಿಡುತ್ತದೆ. ಅಲ್ಲದೆ ಹಿಂದಿರುಗಿದ ಬೆಳಕು ಸಾಮಾನ್ಯ ಕನ್ನಡಿಯಿಂದ ಬಂದುದರಂತೆ ಮುರಿಯನ್ನು ಕಳೆದುಕೊಳ್ಳುವುದಿಲ್ಲ; ಎಡಮುರಿ ಎಡಮುರಿಯಾಗಿಯೇ ಬರುತ್ತದೆ. ಆದ್ದರಿಂದಲೇ ದುಂಬಿ ಒಂದು ಗಾಜಿಗೆ ಹಸಿರು, ಇನ್ನೊಂದಕ್ಕೆ ಕಪ್ಪು. ಅದರ ಚಿಪ್ಪು ಬೆಳೆಯುವ ಕಾಲದಲ್ಲಿ ಕೈಟಿನ್ ನಾರುಗಳು ಇದೇ ಸುರುಳಿಯಲ್ಲಿ ಜೋಡಿಸಿಕೊಂಡು, ಆಮೇಲೆ ಗಟ್ಟಿಯಾಗಿಬಿಡುತ್ತವೆ.

ಈಗ ಬೆಂಗಳೂರಿನ ಮಾತು. ಮೈಸೂರು ಮಹಾರಾಜರ ಸರ್ಕಾರ ಕೊಟ್ಟ ನೆಲದಲ್ಲಿ ೧೯೪೮ರಲ್ಲಿ ರಾಮನ್ನರು ತಮ್ಮ ಹೆಸರಿನ ಸಂಶೋಧನ ಮಂದಿರವನ್ನು ಸ್ಥಾಪಿಸಿದರು. ಅವರ ಸೋದರಳಿಯಂದಿರಲ್ಲಿ ಇಬ್ಬರು ನಮ್ಮ ವಿಷಯಕ್ಕೆ ಬೇಕಾದವರು. ಒಬ್ಬರು ಎಸ್. ಚಂದ್ರಶೇಖರರು. ನಕ್ಷತ್ರಗಳ ವಿಷಯದಲ್ಲಿ ನೊಬೆಲ್ ಬಹುಮಾನ ಪಡೆದ ಚಂದ್ರಶೇಖರರೇ ಬೇರೆ, ಇವರೇ ಬೇರೆ. ಇವರು ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದು, ಸುರುಳಿಯ ದ್ರವಸ್ಫಟಿಕಗಳಲ್ಲಿ ಬೆಳಕು ನಡೆಯುವ ಬಗೆಯನ್ನು ಅಲ್ಲಿಯೇ ಗಣಿತದಿಂದ ಬಿಡಿಸಿದರು. ೧೯೭೧ರಲ್ಲಿ ರಾಮನ್ ಸಂಶೋಧನ ಮಂದಿರಕ್ಕೆ ಬಂದು ದ್ರವಸ್ಫಟಿಕಗಳ ಪ್ರಯೋಗಶಾಲೆಯನ್ನು ಕಟ್ಟಿದರು. ದ್ರವಸ್ಫಟಿಕವಾಗಬೇಕಾದರೆ ಅಣು ಕಡ್ಡಿಯಂತಿರಲೇಬೇಕು ಎಂದು ಜಗತ್ತು ನಂಬಿದ್ದಾಗ, ಬಿಲ್ಲೆಯಂಥ ಅಣುಗಳೂ ಆಗಬಲ್ಲವೆಂದು ೧೯೭೭ರಲ್ಲಿ ಚಂದ್ರಶೇಖರ್, ಸದಾಶಿವ ಮತ್ತು ಸುರೇಶ್ ಎಂಬ ಮೂವರು ಬೆಂಗಳೂರಿನಿಂದ ಹೊರಡುವ 'ಪ್ರಮಾಣ' ಪತ್ರಿಕೆಯಲ್ಲಿಯೇ ಸಾರಿದರು. ಓರೆಯಿಂದ ನೋಡಿದರೂ ಚಿತ್ರ ಮಸುಕಾಗದಂತೆ ದ್ರವಸ್ಫಟಿಕದ ಪರದೆಗಳಿಗೆ ಹಚ್ಚುತ್ತಿದ್ದ ತೆಳುಹಾಳೆಗಳು ಆ ಬಿಲ್ಲೆಗಳ ಫಲ.

ಇನ್ನೊಬ್ಬರು ಪಂಚರತ್ನಂ. ಇವರ ವಿಷಯದಲ್ಲಿ ಸ್ವಲ್ಪ ನಿಧಾನವಾಗಿ ಹೇಳುವುದು ನ್ಯಾಯವೆಂದು ನಮ್ಮ ಅಭಿಪ್ರಾಯ. ೧೯೩೪ರಲ್ಲಿ ಹುಟ್ಟಿದ ಈ ತರುಣರು ಇಪ್ಪತ್ತರ ಆಚೀಚೆಯ ವಯಸ್ಸಿನಲ್ಲಿ ರಾಮನ್ ಮಂದಿರದಲ್ಲಿ ಕೆಲವು ಬಣ್ಣದ ಹರಳುಗಳನ್ನು ಹಿಡಿದು, ಅವುಗಳಲ್ಲಿ ಬೆಳಕಿನ ಕಿರಣಗಳು ಸೀಳಿ ಮತ್ತೆ ಕೂಡುವಾಗ ಕಾಣುವ ಚಿತ್ರಗಳನ್ನು ಪರೀಕ್ಷಿಸುತ್ತಿದ್ದರು. ಅವರಿಗೆ ಒಂದು ಪ್ರಶ್ನೆ ಎದುರಾಯಿತು. ಒಂದೇ ಬಗೆಯ ಎರಡು ಅಲೆಗಳಾದರೆ ಅವುಗಳ ಹೆಜ್ಜೆ ಕೂಡಿದೆಯೇ ಇಲ್ಲವೇ ಎಂದು ಹೇಳುವುದು ಸುಲಭ. ಉಬ್ಬಿಗೆ ಉಬ್ಬು, ತಗ್ಗಿಗೆ ತಗ್ಗು ಬಂದರೆ ಹೆಜ್ಜೆ ಕೂಡಿತು. ಶಾಸ್ತ್ರಜ್ಞರು ಇದನ್ನು ಪ್ರಾವಸ್ಥೆ ಎನ್ನುತ್ತಾರೆ. ನಾವು ಹೆಜ್ಜೆಯೆಂದೇ ಕರೆಯೋಣ. ಆದರೆ ಒಂದು ಅಲೆ ಬಲಮುರಿ, ಇನ್ನೊಂದು ಒಂದೇ ಸಮತಲದ್ದು ಎಂದಿಟ್ಟುಕೊಳ್ಳಿ. ನಡೆಯುವ ರೀತಿಯೇ ಬೇರೆಯಾದ ಇಬ್ಬರ ಹೆಜ್ಜೆಯನ್ನು ಹೋಲಿಸುವುದು ಹೇಗೆ? ಪಂಚರತ್ನಂ ಕೊಟ್ಟ ಉತ್ತರ ಸರಳ. ಎರಡನ್ನೂ ಕೂಡಿಸಿದಾಗ ಬೆಳಕು ಯಾವಾಗ ಅತ್ಯಂತ ಪ್ರಖರವಾಗುವುದೋ ಆಗ ಅವು ಹೆಜ್ಜೆ ಕೂಡಿವೆ ಎನ್ನತಕ್ಕದ್ದು.

ಈ ಸರಳವಾದ ನಿಯಮದಿಂದ ಹೊರಟ ಫಲ ಆಶ್ಚರ್ಯಕರವಾದದ್ದು. ಚಿಕ್ಕಮಗಳೂರಿನ ಗಡಿಯಾರವನ್ನು ನೋಡಿ ಮೂಡಿಗೆರೆಯ ಗಡಿಯಾರವನ್ನು ಸರಿಮಾಡಿದೆವು. ಮೂಡಿಗೆರೆಯದನ್ನು ನೋಡಿ ಕಳಸದ್ದನ್ನು ಸರಿಮಾಡಿದೆವು. ಹಾಗಾದರೆ ಕಳಸದ ಗಡಿಯಾರವೂ ಚಿಕ್ಕಮಗಳೂರಿನದೂ ಸರಿಯಾಗಿ ಒಂದೇ ಹೊತ್ತನ್ನು ತೋರಬೇಕಷ್ಟೆ? ಬೆಳಕಿನ ರಾಜ್ಯದಲ್ಲಿ ಹಾಗಿಲ್ಲ. ಮೊದಲನೆಯದು ಎರಡನೆಯದರೊಡನೆಯೂ, ಎರಡನೆಯದು ಮೂರನೆಯದರೊಡನೆಯೂ ಹೆಜ್ಜೆ ಕೂಡಿದ್ದರೂ, ಮೂರನೆಯದು ಮೊದಲನೆಯದರೊಡನೆ ಕೂಡಿರಬೇಕಾದುದಿಲ್ಲ. ಉಳಿಯುವ ಅಂತರವೆಷ್ಟು? ಬೆಳಕಿನ ಬಗೆಗಳನ್ನೆಲ್ಲ ಒಂದು ಗೋಲದ ಮೇಲೆ ಬಿಂದುಗಳಾಗಿ ಗುರುತಿಸುವ ಪದ್ಧತಿಯೊಂದುಂಟು. ಆ ಗೋಲದ ಮೇಲೆ ಈ ಮೂರು ಬಿಂದುಗಳನ್ನು ಸೇರಿಸಿದ ತ್ರಿಕೋನದ ವಿಸ್ತೀರ್ಣದ ಅರ್ಧ. ಬೆಳಕು ನಡೆದ ದೂರದಿಂದಲ್ಲ, ಹಿಡಿದ ಕಾಲದಿಂದಲ್ಲ, ಅದು ತನ್ನ ಬಗೆಯನ್ನು ಬದಲಿಸುತ್ತ ಸುತ್ತಿಬಂದ ದಾರಿಯ ಆಕಾರದಿಂದಲೇ ಅದರ ಹೆಜ್ಜೆ ಬದಲಾಗುತ್ತದೆ!

ಇದು ೧೯೫೬ರಲ್ಲಿ ಇಂಡಿಯನ್ ಅಕಾಡೆಮಿಯ ನಡವಳಿಗಳಲ್ಲಿ ಅಚ್ಚಾಯಿತು. ಬರೆದವರಿಗೆ ಇಪ್ಪತ್ತೆರಡು ವರ್ಷ. ಆ ಸಂಪುಟ ಬೆಂಗಳೂರಿನಲ್ಲಿಯೇ ಹೊರಟು, ಲೋಕದ ಪುಸ್ತಕಭಂಡಾರಗಳ ಬೀರುಗಳಲ್ಲಿ ಕುಳಿತಿತು. ತೆರೆದು ಓದಿದವರು ಕಡಮೆ. ಪಂಚರತ್ನಂ ಕೆಲವು ಕಾಲ ಮೈಸೂರಿನಲ್ಲಿ ಪಾಠ ಹೇಳಿ, ಆಮೇಲೆ ಆಕ್ಸ್‌ಫರ್ಡಿಗೆ ಹೋಗಿ, ೧೯೬೯ರಲ್ಲಿ ಅಲ್ಲಿಯೇ ತೀರಿಕೊಂಡರು. ಆಗ ಅವರಿಗೆ ಮೂವತ್ತೈದು. ೧೯೮೪ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ಲಿನ ಮೈಕೆಲ್ ಬೆರ್ರಿಯವರು ಬೇರೊಂದು ದಾರಿಯಿಂದ, ಪರಮಾಣು ಪ್ರಪಂಚದ ಗಣಿತದ ಮೂಲಕ, ಇಂಥದೇ ಒಂದು ತತ್ತ್ವವನ್ನು ಪ್ರಕಟಿಸಿದರು, ಅದು ಜಗತ್ಪ್ರಸಿದ್ಧವಾಯಿತು. ೧೯೮೬ರಲ್ಲಿ ರಾಮನ್ ಮಂದಿರದ ರಾಮಶೇಷನ್ ಮತ್ತು ರಾಜಾರಾಮ್ ನಿತ್ಯಾನಂದರು 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ, ಇದು ಪಂಚರತ್ನಂ ಮೂವತ್ತು ವರ್ಷಗಳ ಹಿಂದೆ ಬೆ��ಕಿನಲ್ಲಿ ಕಂಡುದೇ ಎಂದು ತೋರಿಸಿದರು. ಬೆರ್ರಿಯವರು ದೊಡ್ಡ ಮನಸ್ಸಿನವರು. ಮರುವರ್ಷವೇ ಪಂಚರತ್ನಂ ಅವರ ಕೆಲಸವನ್ನು ವಿವರಿಸಿ, ಅದಕ್ಕೆ ಸಲ್ಲತಕ್ಕ ಮನ್ನಣೆಯನ್ನು ಸಲ್ಲಿಸಿ ಲೇಖನ ಬರೆದರು. ೧೯೮೮ರಲ್ಲಿ ಅದೇ ಮಂದಿರದ ರಾಜೇಂದ್ರ ಭಂಡಾರಿ ಮತ್ತು ಜೋಸೆಫ್ ಸ್ಯಾಮ್ಯುಅಲ್ ಲೇಸರ್ ಕಿರಣದಿಂದ ಅದನ್ನು ಪ್ರಯೋಗದಲ್ಲಿ ಕಂಡರು. ಪರದೇಶದವರು ನಮ್ಮವರನ್ನು ಓದಲಿಲ್ಲವೆಂದು ದೂರುವುದು ವಾಡಿಕೆ. ಆದರೆ ಆ ಮೂವತ್ತು ವರ್ಷ ಆ ಸಂಪುಟ ನಮ್ಮ ಬೀರುಗಳಲ್ಲಿಯೂ ಇತ್ತಲ್ಲವೆ? ಈ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿಲ್ಲ.

ಇನ್ನು ಎರಡು ದಾರಿಗಳೂ ಒಂದೆಡೆ ಕೂಡುವ ಸ್ಥಳಕ್ಕೆ ಬಂದೆವು. ಸುರುಳಿಯ ದ್ರವಸ್ಫಟಿಕದ ತೆಳುವಾದ ಪದರವೊಂದನ್ನು ಗಾಜಿನ ಮೇಲೆ ಹರಡಿದರೆ ಅದು ಬಣ್ಣದ ಕನ್ನಡಿಯಾಗುತ್ತದೆ. ಚಪ್ಪಟೆ ಕನ್ನಡಿ, ಬೆಳಕನ್ನು ಬಂದಂತೆಯೇ ಹಿಂದಕ್ಕೆ ಕಳುಹಿಸುತ್ತದೆ. ಬೆಳಕನ್ನು ಒಂದು ಬಿಂದುವಿನಲ್ಲಿ ಕೂಡಿಸಬೇಕಾದರೆ ಕನ್ನಡಿ ಬಟ್ಟಲಿನಂತೆ ಕುಳಿಯಾಗಿರಬೇಕೆಂದು ನಾವು ಶಾಲೆಯಲ್ಲಿ ಕಲಿತಿದ್ದೇವೆ. ಕುಳಿಯ ಕೆಲಸವೇನು? ನಡುವಿನ ಬೆಳಕಿಗೂ ಅಂಚಿನ ಬೆಳಕಿಗೂ ನಡೆಯುವ ದೂರದಲ್ಲಿ ಹೆಚ್ಚುಕಡಮೆ ಮಾಡಿ, ಹೆಜ್ಜೆಯನ್ನು ಸ್ಥಳದಿಂದ ಸ್ಥಳಕ್ಕೆ ಬದಲಿಸುವುದು. ಆದರೆ ನಮ್ಮ ಕನ್ನಡಿಯೊಳಗೆ ತಿರುಪು ಉಂಟು. ಬಡಗಿಯ ತಿರುಪುಮೊಳೆಯನ್ನು ತಿರುಗಿಸಿದರೆ ಅದು ಮುಂದಕ್ಕೋ ಹಿಂದಕ್ಕೋ ಸರಿಯುತ್ತದೆ. ದ್ರವಸ್ಫಟಿಕದ ಸುರುಳಿಯನ್ನು ಇದ್ದಲ್ಲಿಯೇ ಅರ್ಧ ಸುತ್ತು ತಿರುಗಿಸುವುದೂ, ಅದನ್ನು ಸುರುಳಿಯ ಅಂತರದ ಅರ್ಧದಷ್ಟು ಸರಿಸುವುದೂ ಒಂದೇ. ಹೋಗಿಬರುವ ಬೆಳಕಿಗೆ ಆ ಅರ್ಧ ಎರಡರಷ್ಟಾಗಿ, ಸರಿಯಾಗಿ ಒಂದು ಪೂರ್ಣ ಅಲೆಯ ಹೆಜ್ಜೆ ಬದಲಾಗುತ್ತದೆ. ಕನ್ನಡಿಯ ಮೈ ಕೂದಲೆಳೆಯಷ್ಟೂ ಅಲುಗಿಲ್ಲ. ಬೆಳಕಿಗೆ ಮಾತ್ರ ಅದು ಸರಿದಂತಾಯಿತು. ಅಣುಗಳ ಕೋನ ಎಷ್ಟು ತಿರುಗಿತೋ ಅದರ ಎರಡರಷ್ಟು ಹೆಜ್ಜೆ ತಿರುಗುವುದು. ಪಂಚರತ್ನಂ ಹೇಳಿದ, ದಾರಿಯ ಆಕಾರದಿಂದ ಹುಟ್ಟುವ ಅಂತರ ಇದೇ.

೨೦೧೬ರಲ್ಲಿ ಜಪಾನಿನ ಒಸಾಕಾ ವಿಶ್ವವಿದ್ಯಾನಿಲಯದ ಕೊಬಾಷಿ, ಯೋಷಿದಾ, ಒಜಾಕಿ ಎಂಬವರೂ, ಅದೇ ವರ್ಷ ಫ್ರಾನ್ಸಿನ ಬೋರ್ಡೋ ನಗರದ ಒಂದು ತಂಡದವರೂ ಈ ಉಪಾಯವನ್ನು ಕಾರ್ಯಕ್ಕೆ ತಂದರು. ಗಾಜಿನ ಮೇಲೆ ಮೊದಲು ಒಂದು ವಿಶೇಷವಾದ ಬಣ್ಣದ್ರವ್ಯದ ಲೇಪ; ಅದರ ಅಣುಗಳು ತಮ್ಮ ಮೇಲೆ ಬಿದ್ದ ಬೆಳಕಿನ ಸಮತಲಕ್ಕೆ ಅನುಗುಣವಾಗಿ ಹೊರಳಿ ನಿಲ್ಲುತ್ತವೆ. ಹೀಗೆ ಬೆಳಕಿನಿಂದಲೇ ಗಾಜಿನ ಮೇಲೆ ಕೋನಗಳ ಒಂದು ರಂಗವಲ್ಲಿಯನ್ನು ಬರೆಯಬಹುದು. ಅದರ ಮೇಲೆ ದ್ರವಸ್ಫಟಿಕವನ್ನು ಹರಡಿದರೆ ಸುರುಳಿಗಳು ಪ್ರತಿಯೊಂದು ಚುಕ್ಕೆಯಲ್ಲಿಯೂ ಆಯಾ ಕೋನದಿಂದ ಮೇಲೇಳುತ್ತವೆ. ನಡುವಿನಿಂದ ಅಂಚಿಗೆ ತಕ್ಕಷ್ಟು ತಿರುಗುತ್ತ ಹೋಗುವಂತೆ ಬರೆದರೆ ಚಪ್ಪಟೆ ಕನ್ನಡಿ ಬೆಳಕನ್ನು ಬಿಂದುವಿನಲ್ಲಿ ಕೂಡಿಸುತ್ತದೆ. ಒಂದೇ ಕಡೆಗೆ ಸಮನಾಗಿ ತಿರುಗುತ್ತ ಹೋಗುವಂತೆ ಬರೆದರೆ ಬೆಳಕು ಓರೆಯಾಗಿ ಹಿಂದಿರುಗುತ್ತದೆ. ಕೇಂದ್ರದ ಸುತ್ತ ಚಕ್ರಾಕಾರವಾಗಿ ಬರೆದರೆ ಹಿಂದಿರುಗುವ ಕಿರಣವೇ ನಡುವೆ ಕತ್ತಲಿರುವ ಸುಳಿಯಾಗುತ್ತದೆ, ತುಂಗೆಯ ಮಡುವಿನಲ್ಲಿ ನೀರು ಸುಳಿಯುವಂತೆ. ಅದೇ ರಂಗವಲ್ಲಿಯ ಮೇಲೆ ವಿರುದ್ಧ ಮುರಿಯ ದ್ರವವನ್ನು ಹರಡಿದರೆ ಕೂಡಿಸುತ್ತಿದ್ದ ಕನ್ನಡಿ ಚದರಿಸುವ ಕನ್ನಡಿಯಾಗುತ್ತದೆ. ಇಷ್ಟೆಲ್ಲ ಮಾಡುವ ಪದರದ ದಪ್ಪ ಒಂದು ಮಿಲಿಮೀಟರಿನ ನೂರರಲ್ಲೊಂದು ಪಾಲಿನ ಆಸುಪಾಸು. ವಿರುದ್ಧ ಮುರಿಯ ಬೆಳಕಿಗೂ ಬೇರೆ ಬಣ್ಣಗಳಿಗೂ ಅದು ಬರಿಯ ಗಾಜು. ಆದ್ದರಿಂದ ಎದುರಿನ ನೋಟವನ್ನು ಮರೆಮಾಡದೆ ಅದರ ಮೇಲೊಂದು ಚಿತ್ರವನ್ನು ತೋರಿಸುವ ಕನ್ನಡಕಗಳಿಗೆ ಇದು ತಕ್ಕುದೆಂದು ಅನೇಕ ದೇಶಗಳ ಯಂತ್ರಶಿಲ್ಪಿಗಳು ಇದರ ಬೆನ್ನು ಹತ್ತಿದ್ದಾರೆ.

ಬೋರ್ಡೋ ತಂಡದವರು ಇದಕ್ಕಿಟ್ಟ ಹೆಸರು 'ಬ್ರ್ಯಾಗ್–ಬೆರ್ರಿ ಕನ್ನಡಿ'. ಬೇರೆ ಹಲವರು ಇಂಥ ಚಪ್ಪಟೆ ಮಸೂರಗಳನ್ನು 'ಪಂಚರತ್ನಂ–ಬೆರ್ರಿ' ಎಂಬ ಜೋಡಿಹೆಸರಿನಿಂದ ಕರೆಯುತ್ತಾರೆ. ಎರಡನೆಯ ಹೆಸರು ಉಚ್ಚರಿಸಲು ಅವರಿಗೆ ಕಷ್ಟವಾದರೂ ನಮಗೆ ಅದೇ ಸರಿಯೆಂದು ತೋರುತ್ತದೆ.

ಕಾಫಿಯ ಮಲೆಗೆ ಮತ್ತೆ ಬರೋಣ. ೧೯೨೫ರಲ್ಲಿ ಡಾಕ್ಟರ್ ಕೋಲ್ಮನ್ನರ ಕಾಲದಲ್ಲಿ ಬಾಳೆಹೊನ್ನೂರಿನ ಬಳಿ ಕಾಫಿಯ ಪ್ರಯೋಗಕ್ಷೇತ್ರ ಸ್ಥಾಪಿತವಾದಂದಿನಿಂದ ಈ ಸೀಮೆಯ ಹುಳುಗಳ ಮೇಲೆ ಶಾಸ್ತ್ರದ ದೃಷ್ಟಿ ಬಿದ್ದಿದೆ; ಆದರೆ ಆ ದೃಷ್ಟಿ ಸಹಜವಾಗಿಯೇ ಬೆಳೆಯ ಶತ್ರುಗಳ ಕಡೆಗೆ. ಬೋರರ್ ಎಂದು ಬೆಳೆಗಾರರು ನಡುಗುವ ಬಿಳಿ ಕಾಂಡಕೊರಕವೂ ದುಂಬಿಯೇ, ನಮ್ಮ ಹಸಿರು ಹೂದುಂಬಿಯೂ ದುಂಬಿಯೇ. ಬೇರು ತಿನ್ನುವ ಗೊಣ್ಣೆಹುಳುವೂ ಹೂದುಂಬಿಯ ಮರಿಯೂ ನೋಡಲು ಒಂದೇ ತರಹ, ಬೆಳ್ಳಗೆ ಕೊಕ್ಕೆಯಂತೆ ಬಾಗಿರುವುದು. ಆದರೆ ಹೂದುಂಬಿಯ ಮರಿಗಳಲ್ಲಿ ಬಹುಪಾಲು ತಿನ್ನುವುದು ಕೊಳೆತ ಎಲೆಯನ್ನೂ ಲಡ್ಡಾದ ಮರವನ್ನೂ ಗೊಬ್ಬರವನ್ನೂ. ಗಿಡದ ಜೀವಕ್ಕೆ ಅವು ಬರುವುದಿಲ್ಲ. ಗುದ್ದಲಿಗೆ ಈ ವಿವೇಚನೆ ಇಲ್ಲ. ಅದಕ್ಕಿಂತ ದೊಡ್ಡ ಮಾತು ನೆರಳಿನದು. ಅತ್ತಿ, ಹಲಸು, ನಂದಿ, ಬೀಟೆಗಳಿದ್ದ ಅನೇಕ ತೋಟಗಳಲ್ಲಿ ಈಗ ಸಿಲ್ವರ್ ಓಕ್ ಒಂದೇ ಸಾಲುಗಟ್ಟಿ ನಿಂತಿದೆ. ಮರದ ಬೆಲೆಯೂ ಮೆಣಸಿನ ಬಳ್ಳಿಯೂ ಕೈಗೆ ಬರುತ್ತವೆಂದು ಬೆಳೆಗಾರರು ಹೇಳುವುದರಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ನೆರಳು ತೆಳುವಾಗಿ ಬಿಸಿಲು ಬಿದ್ದ ತೋಟದಲ್ಲಿಯೇ ಕಾಂಡಕೊರಕದ ಹಾವಳಿ ಹೆಚ್ಚು. ಬಗೆಬಗೆಯ ಮರಗಳ ಎಲೆ ಉದುರಿ ಕೊಳೆಯುವ ನೆಲ ಹೋದರೆ ಹೂದುಂಬಿಯ ತೊಟ್ಟಿಲೂ ಹೋಯಿತು. ಬೇಡವಾದ ದುಂಬಿಗೆ ಆಹ್ವಾನ, ಬೇಕಾದುದಕ್ಕೆ ಉಚ್ಚಾಟನೆ. ಇದು ಯಾವ ಲೆಕ್ಕದಿಂದ ಲಾಭವೆಂದು ನಮಗೆ ತಿಳಿಯದು.

ಬೇಕಾದುದು ಎಂದೆವು. ಏತಕ್ಕೆ ಬೇಕೆಂದು ಕೇಳುವವರಿಗೆ ದುಂಬಿಯ ಚಿಪ್ಪಿನ ಇನ್ನೊಂದು ಚಮತ್ಕಾರವನ್ನು ಹೇಳುತ್ತೇವೆ. ಮೈಕೆಲ್ಸನ್ನರು ನೋಡಿದ ಆ ಹೊನ್ನಿನ ದುಂಬಿ ಎಡಮುರಿ ಬಲಮುರಿ ಎರಡನ್ನೂ ಪ್ರತಿಫಲಿಸುತ್ತದೆ. ಅದರಲ್ಲಿ ಬಲಮುರಿ ಸುರುಳಿಯೇ ಇಲ್ಲ. ಎರಡು ಎಡಮುರಿ ಸುರುಳಿಗಳ ನಡುವೆ ತಿರುಪಿಲ್ಲದ ನಾರಿನ ತಟ್ಟೆಯೊಂದಿದೆ. ಅದು ಹಾದುಹೋಗುವ ಬೆಳಕಿನ ಮುರಿಯನ್ನು ಬದಲಿಸುತ್ತದೆ. ಮೇಲಿನ ಸುರುಳಿ ಎಡಮುರಿಯನ್ನು ಹಿಂದಕ್ಕೆ ಕಳುಹಿಸಿ ಬಲಮುರಿಯನ್ನು ಬಿಡುತ್ತದೆ. ತಟ್ಟೆ ಅದನ್ನು ಎಡಮುರಿ ಮಾಡುತ್ತದೆ. ಕೆಳಗಿನ ಸುರುಳಿ ಅದನ್ನು ಹಿಂದಿರುಗಿಸುತ್ತದೆ. ಬರುವ ದಾರಿಯಲ್ಲಿ ತಟ್ಟೆ ಮತ್ತೆ ಬಲಮುರಿ ಮಾಡಿ ಹೊರಕ್ಕೆ ಬಿಡುತ್ತದೆ. ಹೀಗೆ ಬೆಳಕೆಲ್ಲ ಹಿಂದಿರುಗಿ ಹೊನ್ನಾಯಿತು. ಇದನ್ನು ಬಿಡಿಸಿದ್ದು ೧೯೭೧ರಲ್ಲಿ. ದುಂಬಿ ಅದನ್ನು ಎಷ್ಟು ಯುಗಗಳಿಂದ ಮಾಡುತ್ತಿತ್ತೋ!

ದುಂಬಿಗಳಿಗೆ ತಮ್ಮ ಈ ಮುರಿ ಕಾಣುತ್ತದೆಯೆ? ಕಾಣುವಂತೆ ತೋರುತ್ತದೆ ಎಂದು ೨೦೧೦ರಲ್ಲಿ ಅಮೆರಿಕದ ಒಂದು ಜಾತಿಯನ್ನು ನೋಡಿದವರು ಬರೆದರು. ತಾವು ನೋಡಿದ ಜಾತಿಗಳು ಲಕ್ಷ್ಯವನ್ನೇ ಕೊಡಲಿಲ್ಲವೆಂದು ೨೦೧೨ರಲ್ಲಿ ಯೂರೋಪಿನವರು ಬರೆದರು. ವ್ಯಾಜ್ಯ ಇನ್ನೂ ತೀರಿಲ್ಲ. ಸಮುದ್ರದಲ್ಲಿರುವ ಮ್ಯಾಂಟಿಸ್ ಸೀಗಡಿಯೆಂಬ ಜಂತು ಮುರಿಯ ಭೇದವನ್ನು ಕಣ್ಣಿನಿಂದ ಕಾಣುವುದೆಂಬುದು ಮಾತ್ರ ೨೦೦೮ರಲ್ಲಿ ಸ್ಥಿರಪಟ್ಟಿದೆ.

ಮಲೆಯ ಕಡೆಗೆ ಹೋಗುವ ಶ್ರೋತೃಗಳು ಕನ್ನಡಕವನ್ನು ಜೇಬಿನಲ್ಲಿಟ್ಟುಕೊಂಡು ಹೋಗಬಹುದು. ದುಂಬಿಯನ್ನು ಹಿಡಿಯಬೇಕಾದುದಿಲ್ಲ, ಕೊಲ್ಲಬೇಕಾದುದಂತೂ ಇಲ್ಲ. ದಾರಿಯಲ್ಲಿ ಬಿದ್ದ ಒಂದು ರೆಕ್ಕೆಯ ಚಿಪ್ಪು ಸಿಕ್ಕಿದರೂ ಸಾಕು, ಅದರ ಸುರುಳಿ ಸಾವಿನಿಂದ ಕೆಡುವುದಿಲ್ಲ. ನೇರವಾದ ಬಿಸಿಲಿನಲ್ಲಿ ಚಿಪ್ಪಿನ ಹೊರಮೈಯ ಬಿಳಿಯ ಹೊಳಪು ಅಡ್ಡ ಬರುತ್ತದೆ. ನೀಲಿಯ ಆಕಾಶದ ಬೆಳಕೂ ಈ ಕೆಲಸಕ್ಕೆ ಅಷ್ಟು ಶುದ್ಧವಲ್ಲ. ಮಳೆ ನಿಂತು ಮೋಡ ಕವಿದಿರುವ ಹೊತ್ತು ಒಳ್ಳೆಯದು. ಮೊದಲು ಒಂದು ಕಣ್ಣಿನಿಂದ, ಆಮೇಲೆ ಇನ್ನೊಂದರಿಂದ ನೋಡಬೇಕು.